ಎಂಟನೆಯ ಬೋಗುಣಿ

ಮೈವೋರ್‌ಗೆ ಜನರ ಮುಖಕ್ಕಿಂತ ಅವರು ಉಂಡು ಬಿಟ್ಟ ತಟ್ಟೆಗಳ ಪರಿಚಯ ಹೆಚ್ಚು. ಸ್ಟಾಕ್‌ಹೋಮಿನ ಹಳೆ ಪಟ್ಟಣದ ‘ಏಳು ಪೀಪಾಯಿ’ ಎಂಬ ನೆಲಮಾಳಿಗೆಯ ಊಟದ ಮನೆಗೆ ಅವಳು ಹದಿನೇಳರ ಹುಡುಗಿಯಾಗಿ ಪಾತ್ರೆ ತೊಳೆಯಲು ಬಂದಳು. ಹನ್ನೊಂದು ವರ್ಷ ಅದನ್ನೇ ಮಾಡಿದಳು. ಗೋಡೆಯಾಚೆ, ಇಟ್ಟಿಗೆಯ ಕಮಾನಿನ ಕೆಳಗೆ, ಮೇಣದಬತ್ತಿಯ ಬೆಳಕಿನಲ್ಲಿ ಯಾರು ಕೂತಿದ್ದಾರೆ, ಏನು ಮಾತಾಡುತ್ತಿದ್ದಾರೆ ಎಂಬುದು ಅವಳಿಗೆ ಕಾಣುತ್ತಿರಲಿಲ್ಲ. ಗೋಡೆಯ ಕಿಂಡಿಯಿಂದ ತಟ್ಟೆ ಮಾತ್ರ ಬರುತ್ತಿತ್ತು. ಈರುಳ್ಳಿಯನ್ನು ಅಂಚಿಗೆ ಸಾಲಾಗಿ ಜೋಡಿಸಿಟ್ಟವನು ಬ್ಯಾಂಕಿನವನು, ಆಲೂಗಡ್ಡೆಯ ಸಿಪ್ಪೆಯನ್ನೂ ಬಿಡದೆ ತಿಂದವನು ಉತ್ತರದ ಕಾಡಿನಿಂದ ಬಂದವನು, ಮಾಂಸದುಂಡೆಗಳನ್ನು ಅರ್ಧರ್ಧ ಕಚ್ಚಿ ಬಿಟ್ಟವರು ಜಗಳವಾಡಿದ ಗಂಡಹೆಂಡತಿ ಎಂದು ಅವಳು ಹೇಳುತ್ತಿದ್ದಳು. ಬಡಿಸುವವರು ಹೋಗಿ ಇಣುಕಿ ನೋಡಿ ಬಂದು ಹೌದು ಹೌದು ಎನ್ನುತ್ತಿದ್ದರು.

ಆಮೇಲೆ ಅವಳಿಗೆ ತಣ್ಣನೆಯ ಅಡುಗೆಯ ಕಟ್ಟೆಗೆ ಬಡ್ತಿ ಕೊಟ್ಟರು. ಅಲ್ಲಿ ಒಲೆಯಿಲ್ಲ, ಹೊಗೆಯಿಲ್ಲ. ಹೋಳು ಮಾಡುವುದು, ನೆನೆಸುವುದು, ಜೋಡಿಸುವುದು ಅಷ್ಟೇ. ಅಲ್ಲಿಯ ಮುಖ್ಯ ಕೆಲಸವೆಂದರೆ ಸಿಲ್. ಸಿಲ್ ಎಂದರೆ ಉಪ್ಪು ಹಾಕಿದ ಸಮುದ್ರದ ಮೀನು, ಕನ್ನಡ ಕರಾವಳಿಯ ಬೂತಾಯಿಗೆ ಹತ್ತಿರದ ನೆಂಟ. ಅದನ್ನು ಇಲ್ಲಿಯವರು ಬೇಯಿಸುವುದಿಲ್ಲ, ವಿನೆಗರ್ ಮತ್ತು ಸಕ್ಕರೆಯ ರಸದಲ್ಲಿ ದಿನಗಟ್ಟಲೆ ನೆನೆಸಿಟ್ಟು ಹಾಗೆಯೇ ತಿನ್ನುತ್ತಾರೆ. ಕ್ರಿಸ್ಮಸ್ ತಿಂಗಳಲ್ಲಿ ‘ಏಳು ಪೀಪಾಯಿ’ಯ ನಡುಮೇಜಿನ ಮೇಲೆ ಏಳು ಬೋಗುಣಿ, ಏಳು ಬಗೆಯ ಸಿಲ್. ಒಂದೊಂದರ ಮುಂದೂ ಯಜಮಾನ ಎವರ್ಟ್‌ನ ತಾತ ತನ್ನ ಕೈಬರಹದಲ್ಲಿ ಬರೆದಿಟ್ಟ ಚೀಟಿ. ಇಪ್ಪತ್ತು ವರ್ಷ ಆ ಏಳೂ ಬೋಗುಣಿಗಳನ್ನು ತುಂಬಿದ್ದು ಮೈವೋರಳ ಕೈ. ಅವುಗಳಲ್ಲಿ ಒಂದೂ ಅವಳದ್ದಲ್ಲ.

ಅವಳದ್ದೊಂದು ಇತ್ತು. ಪಶ್ಚಿಮ ಕರಾವಳಿಯಲ್ಲಿ, ಮರವೆಂಬುದೇ ಇಲ್ಲದ ಒಂದು ಬಂಡೆಯ ದ್ವೀಪದಲ್ಲಿ ಅವಳ ಅಜ್ಜಿ ಹುಲ್ಡಾ ಮಾಡುತ್ತಿದ್ದ ಸಿಲ್. ಅದಕ್ಕೆ ಎಲ್ಲರಂತೆ ಈರುಳ್ಳಿ, ಸರ್ವಸುಗಂಧಿ ಕಾಳು ಸರಿಯೇ. ಅದರ ಜೊತೆಗೆ ಜುನಿಪರ್ ಎಂಬ ಕಾಡುಪೊದೆಯ ಜಜ್ಜಿದ ಕಾಯಿ ಮತ್ತು ಕಪ್ಪು ಕರಂಟ್ ಗಿಡದ ಎಲೆ. ಊರಾಚೆ ಮೈವೋರ್ ಬಾಡಿಗೆಗೆ ಹಿಡಿದಿದ್ದ ಅಂಗೈಯಗಲದ ತೋಟದಲ್ಲಿ ಇದ್ದದ್ದು ಆ ಗಿಡ ಮಾತ್ರ. ಪ್ರತಿ ಬೇಸಿಗೆಯಲ್ಲೂ ಅವಳು ಎಲೆ ಕಿತ್ತು ಒಣಗಿಸಿ ಡಬ್ಬಿಯಲ್ಲಿ ತುಂಬಿಡುವಳು, ಈ ಕ್ರಿಸ್ಮಸ್‌ಗೆ ಯಜಮಾನರು ಹೂಂ ಎನ್ನಬಹುದು ಎಂದು. ಅವರು ಹೂಂ ಎನ್ನುತ್ತಿರಲಿಲ್ಲ. ಈಸ್ಟರ್ ಹೊತ್ತಿಗೆ ವಾಸನೆ ಹೋದ ಎಲೆಗಳನ್ನು ಗೊಬ್ಬರದ ಗುಂಡಿಗೆ ಸುರಿದು ಬರುವಳು. ಹೀಗೆ ಇಪ್ಪತ್ತು ಡಬ್ಬಿ ಎಲೆ ಗೊಬ್ಬರವಾಗಿ ಆ ಗಿಡ ಮಾತ್ರ ಕೊಬ್ಬಿ ಕೂತಿತ್ತು.

ಪ್ರತಿ ನವೆಂಬರಿನಲ್ಲೂ ಅವರಿಬ್ಬರ ನಡುವೆ ಅದೇ ಮಾತು ನಡೆಯುತ್ತಿತ್ತು. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲೂ ನಡೆಯಿತು.

“ಯಜಮಾನ್ರೆ, ಈ ವರ್ಷ ನಂದೊಂದು ಬೋಗುಣಿ ಇಡ್ಲಾ?”

ಎವರ್ಟ್ ಎಂದಿನಂತೆ ಸೊಂಟದ ಬೀಗದ ಕೈಗಳನ್ನು ಝಣಕ್ ಎನಿಸಿದ. “ಪೀಪಾಯಿ ಎಷ್ಟು, ಮೈವೋರ್?”

“ಏಳು.”

“ಬೋಗುಣಿ ಎಷ್ಟು?”

“ಏಳು.”

“ಮತ್ತಿನ್ನೇನು?”

ಪ್ರತಿ ವರ್ಷ ಇಲ್ಲಿಗೆ ಅವಳು ತಲೆ ತಗ್ಗಿಸಿ ಚಾಕು ಹಿಡಿಯುತ್ತಿದ್ದಳು. ಈ ಸಲ ಏನಾಯಿತೋ, ಬಾಯಿ ತಾನಾಗಿ ತೆರೆಯಿತು. “ಈಗ ಪೀಪಾಯಿ ಒಂದೂ ಇಲ್ವಲ್ಲ ಯಜಮಾನ್ರೆ. ನಿಮ್ಮ ತಾತನ ಕಾಲದಲ್ಲೇ ಏಳೂ ಸೌದೆ ಆದ್ವಂತೆ. ಆ ಲೆಕ್ಕದಲ್ಲಿ ಬೋಗುಣೀನೂ ಒಂದೂ ಇಡಬಾರದು.”

ಅಡುಗೆಮನೆಯಲ್ಲಿ ಎಲ್ಲರೂ ಕೈಯಲ್ಲಿದ್ದ ಸೌಟು, ಚಮಚದ ಸಮೇತ ಇತ್ತ ತಿರುಗಿದರು. ಪಾತ್ರೆ ತೊಳೆಯುವ ಇರ್ಯಾ ಮಾತ್ರ ನೊರೆಯ ತೊಟ್ಟಿಗೆ ಮುಖ ಬಗ್ಗಿಸಿ ಕಿಸಕ್ಕೆಂದಳು. ಇರ್ಯಾ ಫಿನ್‌ಲ್ಯಾಂಡಿನವಳು, ಐವತ್ತು ದಾಟಿದವಳು; ಯಜಮಾನರ ಮುಂದೆ ನಗುವುದಕ್ಕೆ ಹೆದರುವ ಪೈಕಿಯಲ್ಲ.

ಎವರ್ಟ್‌ನ ಕಿವಿ ಕೆಂಪಾಯಿತು. ಅವನು ಕೆಟ್ಟವನೇನಲ್ಲ; ತಾತ ಇಟ್ಟ ಜಾಗದಿಂದ ಉಪ್ಪಿನ ಡಬ್ಬಿಯನ್ನು ಸರಿಸಿದರೂ ಕಟ್ಟಡ ಕುಸಿಯುತ್ತದೆ ಎಂದು ನಂಬಿದವನು, ಅಷ್ಟೇ. ಎಲ್ಲರೂ ನೋಡುತ್ತಿದ್ದಾರೆ, ಏನಾದರೂ ಹೇಳಬೇಕು. ಆಮೇಲೆ ಮೀಸೆಯಡಿಯಲ್ಲಿ ಒಂದು ಸಣ್ಣ ನಗು ಬಂತು.

“ಸರಿ. ಅಡ್ವೆಂಟಿನ ಮೊದಲನೇ ಭಾನುವಾರ ಮಧ್ಯಾಹ್ನ. ಒಂದು ಬೋಗುಣಿ, ಎರಡನೇ ಸಲ ತುಂಬಿಸೋ ಹಾಗಿಲ್ಲ. ಖಾಲಿಯಾಗಿ ವಾಪಸ್ ಬಂತು ಅನ್ನು, ಇನ್ನು ಪ್ರತಿ ಕ್ರಿಸ್ಮಸ್‌ಗೂ ಅದು ಆ ಮೇಜಿನ ಮೇಲಿರುತ್ತೆ, ನಿನ್ನ ಹೆಸರಿನ ಚೀಟಿ ಸಮೇತ. ಒಂದೇ ಒಂದು ಚೂರು ಉಳಿದಿದ್ರೂ ನೀನು ರಿಟೈರ್ ಆಗೋವರೆಗೆ ಈ ಸುದ್ದಿ ಎತ್ತಬಾರದು. ಒಪ್ಪಿಗೆಯಾ?”

“ಒಪ್ಪಿದೆ!” ಮೈವೋರ್ ಒದ್ದೆ ಕೈಯನ್ನೇ ಚಾಚಿದಳು. ಕೈಕುಲುಕಿ ಆಯಿತು.

ಎವರ್ಟ್ ಬೀಗದ ಕೈ ಝಣಝಣಿಸುತ್ತ ಆಚೆ ಹೋದ ಮೇಲೆ ಇರ್ಯಾ ಬಟ್ಟೆಗೆ ಕೈ ಒರೆಸಿಕೊಂಡು ಬಂದಳು. “ಏನೇ, ತಲೆ ನೆಟ್ಟಗಿದೆಯಾ ನಿಂಗೆ?”

“ಯಾಕೆ?”

“ಹನ್ನೊಂದು ವರ್ಷ ಈ ತೊಟ್ಟಿ ಮುಂದೆ ನಿಂತಿದ್ದೆಯಲ್ಲ. ಆ ಕಿಂಡಿಯಿಂದ ಖಾಲಿ ಬೋಗುಣಿ ಬಂದಿದ್ದು ಒಂದು ಸಲ ನೋಡಿದೀಯಾ? ಒಂದೇ ಒಂದು ಸಲ?”

ಮೈವೋರ್ ಕಿಂಡಿಯ ಕಡೆ ತಿರುಗಿದಳು. ನೋಡಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಇಲ್ಲ.

ನಮ್ಮ ಸ್ವೀಡನ್ನಿನ ಜನ ಕೊನೆಯ ತುಂಡನ್ನು ಮುಟ್ಟುವುದಿಲ್ಲ. ಕೇಕಿರಲಿ, ಮೀನಿರಲಿ, ಮೇಜಿನ ನಡುವಿನ ಪಾತ್ರೆಯಲ್ಲಿ ಒಂದು ತುಂಡು ಉಳಿಯಿತೋ, ಅದರ ಸುತ್ತ ಎಲ್ಲರಿಗೂ ಏಕಾಏಕಿ ಹೊಟ್ಟೆ ತುಂಬಿಬಿಡುತ್ತದೆ. ‘ನೀವು ತಗೊಳ್ಳಿ’, ‘ಅಯ್ಯೋ ಇಲ್ಲ, ನೀವೇ ತಗೊಳ್ಳಿ’. ತೀರಾ ಆಸೆಯಾದವನು ಅದನ್ನು ಎರಡು ಹೋಳು ಮಾಡಿ ಒಂದು ಹೋಳು ಎತ್ತಿಕೊಳ್ಳುತ್ತಾನೆ. ಮುಂದಿನವನು ಉಳಿದ ಹೋಳನ್ನು ಮತ್ತೆ ಎರಡು ಮಾಡುತ್ತಾನೆ. ಕೊನೆಗೆ ಇರುವೆಗೂ ಸಾಲದ ಚೂರೊಂದು ಮರ್ಯಾದೆಯಾಗಿ ಅಲ್ಲೇ ಕೂತಿರುತ್ತದೆ. ಎಳೆಗೂಸಿಗೆ ನಡೆಯಲು ಬರುವ ಮೊದಲೇ ಇದನ್ನು ಕಲಿಸಿರುತ್ತಾರೆ. ಮೈವೋರಳ ಮನೆಯಲ್ಲಿ ಒಂಬತ್ತು ಮಕ್ಕಳು, ಅವಳೇ ಕೊನೆಯವಳು. ಹಸಿವೇನು ಕಡಿಮೆ ಇರಲಿಲ್ಲ. ಆದರೂ ಕೊನೆಯ ಆಲೂಗಡ್ಡೆ ಬಟ್ಟಲಲ್ಲಿ ತಣ್ಣಗಾಗುತ್ತಿತ್ತೇ ಹೊರತು ಯಾರೂ ಕೈ ಹಾಕುತ್ತಿರಲಿಲ್ಲ. ನಲವತ್ತೆಂಟು ವರ್ಷದ ಬಾಳಿನಲ್ಲಿ ಅವಳು ಯಾವುದರದೂ ಕೊನೆಯ ತುಂಡು ತಿಂದವಳಲ್ಲ.

ಇಷ್ಟೆಲ್ಲ ಗೊತ್ತಿದ್ದ ಹೆಂಗಸು, ತಟ್ಟೆ ನೋಡಿ ಜಾತಕ ಹೇಳುವ ಹೆಂಗಸು, ಆಸೆಯ ಭರದಲ್ಲಿ ಅದನ್ನೇ ಮರೆತು ಕೈ ಕುಲುಕಿದ್ದಳು. ಎವರ್ಟ್ ಮರೆತಿರಲಿಲ್ಲ. ಆ ಸಣ್ಣ ನಗು ಅದಕ್ಕೇ.

“ಹೋಗಿ ಒಲ್ಲೆ ಅನ್ನು,” ಎಂದಳು ಇರ್ಯಾ.

“ಕೈ ಕುಲುಕಿ ಆಗಿದೆ.”

“ಹಂಗಾದ್ರೆ ನಾನಿದೀನಿ. ಕೊನೇ ತುಂಡಿನ ಮಡಿ ಎಲ್ಲ ನಿಮಗೆ, ನಮಗಲ್ಲ. ಬೋಗುಣಿ ಕಿಂಡಿಗೆ ಬಂದ ಕೂಡ್ಲೆ ಗುಳುಂ ಮಾಡಿಬಿಡ್ತೀನಿ. ಯಾರಿಗೆ ಗೊತ್ತಾಗುತ್ತೆ?”

ಮೈವೋರ್‌ಗೆ ಒಂದು ಕ್ಷಣ ಆಸೆಯಾಗದೆ ಇರಲಿಲ್ಲ. ಆದರೂ ತಲೆ ಆಡಿಸಿದಳು. “ಬೇಡ ಕಣೆ. ಖಾಲಿ ಬೋಗುಣಿ ತಗೊಂಡು ನಾನೇನು ಮಾಡ್ಲಿ? ಅವರು ತಿನ್ನಬೇಕು. ಅವರೇ ಖಾಲಿ ಮಾಡಬೇಕು.”

“ಇಪ್ಪತ್ತು ವರ್ಷ ಕಾದಿದ್ದಕ್ಕೆ ಸರಿಯಾಗಿ ಹುಚ್ಚು ಹಿಡಿದಿದೆ ನಿಂಗೆ,” ಎಂದು ಇರ್ಯಾ ತೊಟ್ಟಿಯ ಕಡೆ ತಿರುಗಿದಳು.

ಆ ವಾರ ಮೈವೋರ್ ಒಂದು ಗಂಟೆ ಮುಂಚೆಯೇ ಕೆಲಸಕ್ಕೆ ಬರತೊಡಗಿದಳು. ಉಪ್ಪುಮೀನನ್ನು ನೆನೆಹಾಕಿ ನೀರು ಬದಲಿಸಿದಳು, ಮತ್ತೆ ಬದಲಿಸಿದಳು. ಒಂದು ಪಾಲು ವಿನೆಗರ್, ಎರಡು ಪಾಲು ಸಕ್ಕರೆ, ಮೂರು ಪಾಲು ನೀರು ಕುದಿಸಿ, ಮುನ್ನೂರು ವರ್ಷದಿಂದ ಬಿಸಿಲು ಕಾಣದ ಕಲ್ಲಿನ ಗೂಡಿನಲ್ಲಿ ಆರಲು ಇಟ್ಟಳು. ಜುನಿಪರ್ ಕಾಯಿ ಜಜ್ಜಿದಾಗ ಆ ಮೂಲೆಯೆಲ್ಲ ಕಾಡಿನ ವಾಸನೆ. ಎಲೆಯ ಡಬ್ಬಿಯ ಮುಚ್ಚಳ ತೆಗೆದಾಗ ಅಜ್ಜಿ ಬಂದು ಪಕ್ಕದಲ್ಲಿ ನಿಂತಂತಾಯಿತು. ಮೈವೋರ್ ಮೂಗು ಒರೆಸಿಕೊಂಡು, ಈರುಳ್ಳಿಯ ಖಾರ ಎಂದಳು. ಈರುಳ್ಳಿ ಇನ್ನೂ ಬುಟ್ಟಿಯಲ್ಲೇ ಇತ್ತು. ಪದರ ಪದರವಾಗಿ ಜೋಡಿಸಿ, ರಸ ಹೊಯ್ದು, ತಟ್ಟೆ ಮುಚ್ಚಿ ಐದು ದಿನ ಇಟ್ಟಳು. ರುಚಿ ನೋಡಲು ಮಾತ್ರ ಧೈರ್ಯ ಬರಲಿಲ್ಲ.

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲವೇ ಅಡ್ವೆಂಟ್; ಅದರ ಮೊದಲ ಭಾನುವಾರ ‘ಏಳು ಪೀಪಾಯಿ’ಗೆ ಬರುವುದು ಟ್ರಾಮ್ ನೌಕರರ ಹಾಡಿನ ಸಂಘ. ನಲವತ್ತು ಜನ, ಹೆಚ್ಚಿನವರು ನಿವೃತ್ತರು. ಅವರನ್ನು ಹಾಡಿಸುವವರು ಹಿಲ್ಡೂರ್ ಟೀಚರ್, ಎಂಬತ್ತೆರಡು ವರ್ಷದ ಸಣಕಲು ಮುದುಕಿ. ಹಳೆ ಪಟ್ಟಣದ ಅರ್ಧ ಜನಕ್ಕೆ ಅಕ್ಷರ ಕಲಿಸಿದ್ದು ಅವರೇ, ಮೇಜಿನ ಮುಂದೆ ಹೇಗೆ ಕೂರಬೇಕೆಂದು ಕಲಿಸಿದ್ದೂ ಅವರೇ. ನೆಲಮಾಳಿಗೆಯ ಗಿಡ್ಡ ಬಾಗಿಲಲ್ಲಿ ಎಲ್ಲರೂ ತಲೆ ಬಗ್ಗಿಸಿ ಒಳಬಂದರೆ ಅವರೊಬ್ಬರು ಮಾತ್ರ ನೆಟ್ಟಗೆ ಬಂದರು.

ನಡುಮೇಜಿನ ಮೇಲೆ ಏಳು ಬೋಗುಣಿ, ಏಳು ಚೀಟಿ. ಪಕ್ಕದಲ್ಲಿ ಚೀಟಿಯಿಲ್ಲದ ಎಂಟನೆಯದು.

ಮೈವೋರ್ ಕಿಂಡಿಯ ಹಲಗೆಯನ್ನು ಎರಡು ಬೆರಳಷ್ಟು ಸರಿಸಿ ಕಣ್ಣಿಟ್ಟಳು. ಜನ ತಟ್ಟೆ ಹಿಡಿದು ಸಾಲಾಗಿ ಬಂದರು. ಸಾಸಿವೆಯದ್ದು ತೆಗೆದುಕೊಂಡರು, ಸಬ್ಬಸಿಗೆಯದ್ದು ತೆಗೆದುಕೊಂಡರು. ಎಂಟನೆಯದರ ಮುಂದೆ ಬಂದು ಹೆಸರಿಲ್ಲದ್ದು ಕಂಡು ಮುಂದಕ್ಕೆ ಹೋದರು. ಇಪ್ಪತ್ತನೆಯವರೂ ಹೋದರು, ಮೂವತ್ತನೆಯವರೂ ಹೋದರು. ಕೊನೆಯ ತುಂಡಿನ ಚಿಂತೆ ಮಾಡಿ ಐದು ದಿನ ನಿದ್ದೆಗೆಟ್ಟವಳಿಗೆ ಮೊದಲ ತುಂಡನ್ನೇ ಯಾರೂ ಮುಟ್ಟದೆ ಹೋಗಬಹುದೆಂದು ಹೊಳೆದೇ ಇರಲಿಲ್ಲ.

ಅವಳನ್ನು ಕಾಪಾಡಿದ್ದು ಸಿಕ್‌ಸ್ಟೆನ್‌ನ ಮರೆವು. ಮೂವತ್ತೈದು ವರ್ಷ ಟ್ರಾಮ್ ಓಡಿಸಿದ ಸಿಕ್‌ಸ್ಟೆನ್ ಅಂದು ಕನ್ನಡಕವನ್ನು ಮನೆಯಲ್ಲಿ ಬಿಟ್ಟು ಬಂದಿದ್ದ. ಈರುಳ್ಳಿಯ ಸಿಲ್ ಎಂದುಕೊಂಡು ಎಂಟನೆಯದರಿಂದ ಮೂರು ತುಂಡು ಹಾಕಿಕೊಂಡ. ಕೂತ, ಬಾಯಿಗಿಟ್ಟ, ಅಗಿಯುತ್ತಿದ್ದವನು ನಿಲ್ಲಿಸಿದ. ತಟ್ಟೆ ನೋಡಿದ. ಮತ್ತೆ ಅಗಿದ. ಏನೂ ಹೇಳಲಿಲ್ಲ, ನಮ್ಮವರು ಹೇಳುವುದಿಲ್ಲ. ಎಲ್ಲರೊಡನೆ ಎದ್ದು ಹೋಗಿ ಹ್ಯಾಮ್ ತಂದ, ಮಾಂಸದುಂಡೆ ತಂದ, ಅಕ್ಕಿ ಪಾಯಸದವರೆಗೂ ಬಂದ. ಆಮೇಲೆ ಪಾಯಸದ ಚಮಚ ಕೆಳಗಿಟ್ಟು, ಹೊಸ ತಟ್ಟೆ ಹಿಡಿದು, ಮತ್ತೆ ಸಿಲ್ ಮೇಜಿಗೆ ನಡೆದ.

ಪಾಯಸವಾದ ಮೇಲೆ ಸಿಲ್! ಮೊದಲು ಸಿಲ್, ಆಮೇಲೆ ತಣ್ಣನೆಯ ಮಾಂಸ, ಆಮೇಲೆ ಬಿಸಿಯದ್ದು, ಕೊನೆಗೆ ಸಿಹಿ ಎಂಬುದು ಅಡುಗೆಮನೆಯ ಬೆಕ್ಕಿಗೂ ಗೊತ್ತಿರುವ ಕ್ರಮ. ಹಿಂದಕ್ಕೆ ನಡೆದವರನ್ನು ಆ ಕೋಣೆ ಕಂಡಿರಲಿಲ್ಲ. ನಲವತ್ತು ಜನ ಮಾತು ನಿಲ್ಲಿಸಿ ಅವನ ಬೆನ್ನನ್ನೇ ನೋಡಿದರು.

“ಸಿಕ್‌ಸ್ಟೆನ್, ಮೈ ಹುಷಾರಿಲ್ವೇನೋ?” ಎಂದ ಪಕ್ಕದವನು.

“ಸುಮ್ನೆ ತಿಂದು ನೋಡೋ,” ಎಂದ ಸಿಕ್‌ಸ್ಟೆನ್.

ಪಕ್ಕದವನು ತಿಂದ. ಎದ್ದ. ಅವನ ಹಿಂದೆ ಇಬ್ಬರು, ಅವರ ಹಿಂದೆ ಆರು. ಯಾರೂ ಗಡಿಬಿಡಿ ಮಾಡಲಿಲ್ಲ, ಯಾರೂ ಯಾರನ್ನೂ ತಳ್ಳಲಿಲ್ಲ. ಆದರೆ ಸಾಲು ಬೆಳೆಯುತ್ತ ಕಮಾನಿನ ಆಚೆಗೂ ಹೋಯಿತು. ಕಿಂಡಿಯ ಹಿಂದೆ ಮೈವೋರ್ ಇರ್ಯಾಳ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, “ಅಯ್ಯೋ, ನನ್ನ ಕೈ ಬಿಡೇ, ನಾನು ಸಿಲ್ ಅಲ್ಲ,” ಎಂದು ಇರ್ಯಾ ಬಿಡಿಸಿಕೊಂಡಳು.

ಚಳಿಗಾಲವಾದ್ದರಿಂದ ಮೂರು ಗಂಟೆಗೇ ಹೊರಗೆ ಓಣಿಯಲ್ಲಿ ಕತ್ತಲಾಗುವ ಹೊತ್ತಿಗೆ ಬೋಗುಣಿಯಲ್ಲಿ ಒಂದು ತುಂಡು ಉಳಿಯಿತು.

ಒಬ್ಬ ಹೆಂಗಸು ಬಂದು ನಿಂತಳು, ಅತ್ತಿತ್ತ ನೋಡಿದಳು, ಅರ್ಧ ಕತ್ತರಿಸಿ ಒಯ್ದಳು. ಒಬ್ಬ ಬಂದು ಅರ್ಧದ ಅರ್ಧ ಒಯ್ದ. ಇನ್ನೊಬ್ಬ ಬಂದು ಕಾಲು ಭಾಗವನ್ನು ಎರಡು ಮಾಡಿದ. ಆಮೇಲೆ ಯಾರೂ ಬರಲಿಲ್ಲ. ಎಲ್ಲರ ಕಣ್ಣೂ ಬೋಗುಣಿಯ ಮೇಲೆ, ಎಲ್ಲರ ಕೈಯೂ ಮಡಿಲಲ್ಲಿ. ಉಗುರಿನಷ್ಟು ಸಿಲ್ ಬೋಗುಣಿಯ ತಳದಲ್ಲಿ ಹೊಳೆಯುತ್ತಿತ್ತು.

“ಮುಗೀತು,” ಎಂದಳು ಮೈವೋರ್. ಅವಳಿಗೆ ಅಳು ಬಂತು. ಅವರಿಗೆ ಬೇಕು, ಕಣ್ಣಲ್ಲೇ ಕಾಣುತ್ತಿದೆ, ಬೇಕು. ಆದರೂ ಮುಟ್ಟುವುದಿಲ್ಲ. ಅವರನ್ನು ಬೈಯುವುದಾದರೂ ಹೇಗೆ? ಅವರ ಜಾಗದಲ್ಲಿ ಅವಳಿದ್ದರೂ ಮುಟ್ಟುತ್ತಿರಲಿಲ್ಲ.

ಮೂರೂವರೆಗೆ ಎವರ್ಟ್ ಬಂದ. ಬೇರೆ ದಿನ ಮೇಜು ತೆಗೆಯುವುದು ಬಡಿಸುವವರ ಕೆಲಸ. ಇವತ್ತು ಯಜಮಾನನೇ ತೋಳು ಮಡಿಚಿ ಬಂದಿದ್ದ. ಏಳೂ ಬೋಗುಣಿಗಳನ್ನು ಬಿಟ್ಟು ಎಂಟನೆಯದನ್ನು ಎರಡೂ ಕೈಯಲ್ಲಿ ಎತ್ತಿ, ತಳದ ಚೂರನ್ನು ನೋಡಿ, ಸಮಾಧಾನದಿಂದ ಅಡುಗೆಮನೆಯ ಕಡೆ ತಿರುಗಿದ.

“ಎವರ್ಟ್, ಅದನ್ನ ಅಲ್ಲೇ ಇಡಪ್ಪ.”

ಹಿಲ್ಡೂರ್ ಟೀಚರ್ ಎದ್ದು ನಿಂತಿದ್ದರು. ಎವರ್ಟ್ ಕೂಡ ಅವರ ಕೈಯಲ್ಲೇ ಅಕ್ಷರ ಕಲಿತವನು. ಅರವತ್ತರ ಗಂಡಸು, ಇಟ್ಟ.

“ನಂಗದು ಬೇಕು,” ಎಂದರು ಟೀಚರ್.

ಯಾರಿಗಾದರೂ ಬೇಕೇ ಎಂದು ಕೇಳಲಿಲ್ಲ. ಅರ್ಧ ಸಾಕು ಎನ್ನಲಿಲ್ಲ. ಬೇಕು ಎಂದರು. ಅವರು ಕೋಲೂರಿಕೊಂಡು ಮೇಜಿನವರೆಗೆ ನಡೆದು, ಫೋರ್ಕ್ ಎತ್ತಿಕೊಂಡು, ಆ ಉಗುರಿನಷ್ಟು ಚೂರನ್ನು ಚುಚ್ಚಿ ಬಾಯಿಗಿಟ್ಟರು. ಕಣ್ಣು ಮುಚ್ಚಿ, ನಿಧಾನವಾಗಿ, ಅಷ್ಟು ಸಣ್ಣ ಚೂರನ್ನು ಅಷ್ಟು ಹೊತ್ತು ತಿಂದರು.

“ಟೀಚರ್!” ಸಿಕ್‌ಸ್ಟೆನ್ ಕುರ್ಚಿ ಬೀಳುವಂತೆ ಎದ್ದ. “ಒಂದನೇ ಕ್ಲಾಸಲ್ಲಿ ಕೊನೇ ಬನ್ ತಗೊಂಡೆ ಅಂತ ನನ್ನ ಕೈಗೆ ಸ್ಕೇಲಲ್ಲಿ ಬಾರಿಸಿದ್ರಿ! ಐವತ್ತೊಂಬತ್ತು ವರ್ಷ ಆಯ್ತು. ಆಮೇಲೆ ನಾನು ಯಾವುದರದೂ ಕೊನೇ ತುಂಡು ಮುಟ್ಟಿಲ್ಲ!”

“ಬಾರಿಸಿದ್ದೆ. ನೆನಪಿದೆ.”

“ಅರ್ಧ ಗಂಟೆಯಿಂದ ನಾನು ಅದರ ಮೇಲೇ ಕಣ್ಣಿಟ್ಟು ಕೂತಿದ್ದೆ!”

“ನಾನು ಒಂದು ಗಂಟೆಯಿಂದ ಆ ಬೋಗುಣಿ ಮೇಲೆ,” ಎಂದರು ಟೀಚರ್. “ಎಂಬತ್ತೆರಡು ವರ್ಷ ಆಯ್ತು ಸಿಕ್‌ಸ್ಟೆನ್. ಎಷ್ಟು ಕೊನೇ ತುಂಡು ಬಿಟ್ಟಿರಬಹುದು ನಾನು, ನೀನೇ ಯೋಚ್ನೆ ಮಾಡು. ಇದೊಂದನ್ನ ಬಿಡೋಕೆ ಮನಸ್ಸಾಗ್ಲಿಲ್ಲ.” ಆಮೇಲೆ ಬೋಗುಣಿಯನ್ನು ಅವನ ಕಡೆ ಸರಿಸಿದರು. “ರಸ ಇದೆ. ತಗೋ, ಈ ಸಲ ಹೊಡೆಯಲ್ಲ.”

ಸಿಕ್‌ಸ್ಟೆನ್ ಎರಡು ಸಲ ಹೇಳಿಸಿಕೊಳ್ಳಲಿಲ್ಲ. ರೈ ಧಾನ್ಯದ ರೊಟ್ಟಿ ಮುರಿದು ಬೋಗುಣಿಯ ಸುತ್ತ ಒರೆಸಿದ. ಕೊನೆಗೆ ಬೋಗುಣಿಯನ್ನೇ ಎತ್ತಿ, ನಲವತ್ತು ಜನರ ಎದುರಿಗೆ, ರಸವನ್ನು ಗಟಗಟ ಕುಡಿದು ಮುಗಿಸಿದ. ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಮರುಕ್ಷಣ ಇಡೀ ಕಮಾನು ಗುಡುಗಿತು.

“ಇದನ್ನ ಮಾಡಿದ್ದು ಯಾರು?” ಎಂದರು ಟೀಚರ್.

ಎವರ್ಟ್ ಉತ್ತರ ಕೊಡುವ ಮೊದಲೇ ಕಿಂಡಿಯ ಹಲಗೆ ಪಟಾರನೆ ತೆರೆಯಿತು. “ಇವಳು! ಇಲ್ಲೇ ಇದಾಳೆ!” ಎಂದು ಇರ್ಯಾ ಕೂಗಿ, ಮೈವೋರಳನ್ನು ಬಾಗಿಲಿನಿಂದ ಹೊರಗೆ ದಬ್ಬಿದಳು.

ಮೂವತ್ತೊಂದು ವರ್ಷದಲ್ಲಿ ಊಟದ ಹೊತ್ತಿಗೆ ಅವಳು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಏಪ್ರನ್ನಿನ ಮೇಲೆಲ್ಲ ಈರುಳ್ಳಿ, ಕೈ ಒದ್ದೆ. ನಲವತ್ತು ಜನ ಸ್ನಾಪ್ಸ್ ಎಂಬ ಖಡಕ್ ಮದ್ಯದ ಪುಟ್ಟ ಗ್ಲಾಸು ಹಿಡಿದು ಎದ್ದರು. ಗ್ಲಾಸು ಎತ್ತುವಾಗ ಕಣ್ಣಲ್ಲಿ ಕಣ್ಣಿಡಬೇಕು, ಕುಡಿದ ಮೇಲೂ ಇನ್ನೊಮ್ಮೆ ಇಡಬೇಕು, ಅದು ಇಲ್ಲಿಯ ಪದ್ಧತಿ. ನಲವತ್ತೂ ಜನ ಅವಳ ಕಣ್ಣು ನೋಡಿದರು, ಕುಡಿದರು, ಮತ್ತೆ ನೋಡಿದರು. ಇಷ್ಟು ವರ್ಷ ತಟ್ಟೆಯಿಂದ ಗುರುತಿಸಿದ್ದವರ ಮುಖಗಳನ್ನು ಅವಳೂ ನೋಡಿದಳು. ಖುಷಿಗೆ ಅಳುತ್ತಿದ್ದಾಳೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು, ಅವಳಿಗೆ ನಾಚಿಕೆಯಾಗಲಿಲ್ಲ.

ಎವರ್ಟ್ ಮಾತಿಗೆ ತಪ್ಪುವವನಲ್ಲ. ಅಂದು ಸಂಜೆಯೇ ದಪ್ಪ ಕಾಗದ ಕತ್ತರಿಸಿ, ತಾತನ ಮಸಿಪೆನ್ನು ಹುಡುಕಿ ತೆಗೆದು, ನಾಲಿಗೆ ಕಚ್ಚಿಕೊಂಡು ಬರೆದ: ‘ಮೈವೋರಳ ಸಿಲ್’. ಮೊದಲ ಸಲ ಮಸಿ ಚೆಲ್ಲಿತು. ಎರಡನೆಯ ಸಲ ಹೆಸರು ವಾರೆಯಾಯಿತು. ಮೂರನೆಯದನ್ನು ತಾನೇ ಹೋಗಿ ಮೇಜಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕಮಾನನ್ನೊಮ್ಮೆ ತಲೆಯೆತ್ತಿ ನೋಡಿದ. ಕಟ್ಟಡ ಕುಸಿಯಲಿಲ್ಲ.

ಮುಂದಿನ ಭಾನುವಾರ ಬೇರೆ ಜನ, ಎಂಟು ಬೋಗುಣಿ, ಎಂಟು ಚೀಟಿ. ಊಟ ಮುಗಿದು ಪಾತ್ರೆಗಳೆಲ್ಲ ಒಳಬಂದಾಗ ಎವರ್ಟ್ ಅಡುಗೆಮನೆಗೆ ಬಂದು ಎಂಟನೆಯದರಲ್ಲಿ ಇಣುಕಿದ. ತಳದಲ್ಲಿ ಅರ್ಧದ ಅರ್ಧದ ಅರ್ಧವಾದ ಚೂರೊಂದು ಮರ್ಯಾದೆಯಾಗಿ ಕೂತಿತ್ತು.

“ನೋಡಿದ್ಯಾ, ಉಳಿಸಿದಾರೆ,” ಎಂದ. ಈ ಸಲ ದನಿಯಲ್ಲಿ ಕುಹಕವಿರಲಿಲ್ಲ.

ಮೈವೋರ್ ಫೋರ್ಕ್ ತೆಗೆದುಕೊಂಡಳು. “ಯಾರಿಗಾದ್ರೂ ಬೇಕಾ?”

“ಅಯ್ಯೋ ಇಲ್ಲ, ನೀನೇ ತಗೋ,” ಎಂದ ಎವರ್ಟ್, ನಮ್ಮವರೆಲ್ಲ ಹೇಳುವ ಹಾಗೆ.

“ಹೂಂ, ತಗೋತೀನಿ,” ಎಂದು ಅವಳು ಬಾಯಿಗೆ ಹಾಕಿಕೊಂಡಳು. ಮೊದಲು ಜುನಿಪರ್ ರುಚಿ ಬಂತು, ಅದರ ಹಿಂದೆ ಎಲೆಯ ಘಮ. ಅಜ್ಜಿಯ ಕೈಯಲ್ಲಿ ಆಗುತ್ತಿದ್ದಂತೆಯೇ ಆಗಿತ್ತು. ಬೋಗುಣಿಯನ್ನು ಅವಳೇ ತೊಟ್ಟಿಗೆ ಒಯ್ದು ತೊಳೆದಿಟ್ಟಳು.